ಹೊಳೆ ದಾಟಿಸುವ ಹುಲಿ

"ಮೊದಲು ಇದನ್ನ ಇಲ್ಲಿಂದ ತೆಗೀರಿ" ಎನ್ನುತ್ತ ಅನುರಾಗ್ ಸ್ಟ್ಯಾಂಡಿನ ಮೇಲಿದ್ದ ಚಿತ್ರಕ್ಕೆ ಕೈಹಾಕಿದ. ಇನ್ನೊಂದು ತುದಿಯನ್ನು ಅತ್ತಿಗೆ ಶ್ರೀದೇವಿ ಅಷ್ಟೇ ಬಿಗಿಯಾಗಿ ಹಿಡಿದುಕೊಂಡಳು. ಕ್ರಿಮೆಟೋರಿಯಂನ ಬಾಗಿಲಲ್ಲಿ, ಒಳಗೆ ಜಯಲಕ್ಷ್ಮಿಯ ಶವಪೆಟ್ಟಿಗೆಗೆ ಇನ್ನೂ ಹೂವು ಕೂಡ ಇಟ್ಟಿರಲಿಲ್ಲ, ಅಷ್ಟರಲ್ಲೇ ಅವಳ ಕಿರಿಯ ಮಗನಿಗೂ ಹಿರಿಯ ಸೊಸೆಗೂ ಒಂದು ಹುಲಿಯ ಚಿತ್ರಕ್ಕಾಗಿ ಜಗ್ಗಾಟ ಶುರುವಾಗಿತ್ತು.

"ಯಾಕೆ ತೆಗೀಬೇಕು? ಅತ್ತೆ ಬರೆದಿದ್ದರಲ್ಲಿ ದೊಡ್ಡದು ಇದೇ. ಹಿಂದೆ ಕೂತವರಿಗೂ ಕಾಣತ್ತೆ."

"ಕಾಣತ್ತೆ, ಮೆಳ್ಳೆಗಣ್ಣಿನ ಹುಲಿ. ಸಾವಿಗೆ ಬಂದವರು ನಗ್ಬೇಕಾ? ಅಮ್ಮ ನನ್ನ ಫ್ಲ್ಯಾಟ್‌ನಲ್ಲಿ ಕೂತು ಬರೆದಿದ್ದು ತಂದಿದೀನಿ, ಅದನ್ನಿಡಿ."

ಅವನು ಚೀಲದಿಂದ ತೆಗೆದದ್ದು ಒಂದು ಸಣ್ಣ ಚಿತ್ರ. ಹೀರೆಬಳ್ಳಿ, ಅದರ ಮೇಲೊಂದು ಮಿಡತೆ. ಎಲ್ಲ ಕಪ್ಪು ಮಸಿಯಲ್ಲೇ; ಮಿಡತೆ ತಿಂದು ತೂತು ಮಾಡಿದ ಎಲೆ ಕೂಡ ಸ್ಪಷ್ಟವಾಗಿತ್ತು. ಚೆನ್ನಾಗಿಯೇ ಇತ್ತು, ಆದರೆ ಅದನ್ನು ಒಪ್ಪಿಕೊಳ್ಳುವ ಸ್ಥಿತಿಯಲ್ಲಿ ಅಲ್ಲಿ ಯಾರೂ ಇರಲಿಲ್ಲ.

ಹಿರಿಯ ಮಗ ಲಕ್ಷ್ಮೀಶ ಪಂಚೆ ಸರಿಮಾಡಿಕೊಳ್ಳುತ್ತ ಬಂದ. ತಮ್ಮ ಕೈಯಳತೆಯಲ್ಲೇ ನಿಂತಿದ್ದರೂ ಹೆಂಡತಿಯ ಮುಖ ನೋಡಿಯೇ ಮಾತಾಡಿದ. "ಪುರೋಹಿತರು ಬಂದಿದಾರೆ, ಈ ತಮಾಷೆ ಸಾಕು ಅಂತ ಅವನಿಗೆ ಹೇಳು."

"ನನಗೆ ಕಿವಿ ಕೇಳಿಸತ್ತೆ ಅಂತ ನೀವೂ ಹೇಳಿ ಅತ್ತಿಗೆ."

ಕೆಲ್ಲಿವಿಲ್‌ನ ಅಣ್ಣನೂ ಹ್ಯಾರಿಸ್ ಪಾರ್ಕಿನ ತಮ್ಮನೂ ಮಾತು ಬಿಟ್ಟು ವರ್ಷಗಳೇ ಆಗಿದ್ದವು. ಸಿಡ್ನಿಯೆಂಬ ಒಂದೇ ಊರಿನಲ್ಲಿದ್ದುಕೊಂಡು, ಒಂದೇ ತಾಯಿಯನ್ನು ಬೇರೆ ಬೇರೆ ದಿನ ನೋಡಿಕೊಂಡು ಬಂದ ಅಣ್ಣತಮ್ಮಂದಿರು ಅವರು.

ಅಷ್ಟರಲ್ಲಿ ತಾರಾ ಬಂದಳು. ನಡುವಿನವಳು, ಒಬ್ಬಳೇ ಮಗಳು. ಮೆಲ್ಬರ್ನ್‌ನಿಂದ ಬೆಳಗಿನ ವಿಮಾನಕ್ಕೆ ಬಂದವಳು ಸೂಟ್‌ಕೇಸನ್ನೂ ಕೈಬಿಟ್ಟಿರಲಿಲ್ಲ. ಅಲ್ಲಿನ ಬ್ಯಾಂಕೊಂದರಲ್ಲಿ ಯಾವ ಸಾಲ ಮುಳುಗಬಹುದು ಎಂದು ಮೊದಲೇ ಹೇಳುವುದು ಅವಳ ಕೆಲಸ; ಇಲ್ಲೂ ಒಂದು ನಿಮಿಷದಲ್ಲಿ ಎಲ್ಲ ಅರ್ಥ ಮಾಡಿಕೊಂಡಳು. "ಎರಡೂ ಇಡೋಣ. ಆ ಕಡೆ ಹುಲಿ, ಈ ಕಡೆ ಮಿಡತೆ. ಅಮ್ಮಂಗೆ ಎರಡೂ ಇಷ್ಟ ಇತ್ತಲ್ಲ" ಎಂದಳು. ಎಲ್ಲರೂ ಹಗುರಾದರು.

ಆಮೇಲೆ ತಮ್ಮನ ಭುಜ ಹಿಡಿದು ಪಕ್ಕಕ್ಕೆ ಕರೆದೊಯ್ದಳು. "ಬಿಡೋ. ನಿನ್ನ ಚಿತ್ರಕ್ಕೆ ತಮ್ಮ ಮನೆ ಗೋಡೇಲಿ ಜಾಗ ಇಲ್ಲ ಅಂದಿದ್ರು ಅತ್ತಿಗೆ. ಇಲ್ಲಾದ್ರೂ ಇಡೋಕೆ ಬಿಟ್ರಲ್ಲ." ಅದಾಗಿ ಐದು ನಿಮಿಷಕ್ಕೆ ವಾಶ್‌ರೂಮಿನ ಕನ್ನಡಿಯ ಮುಂದೆ ಶ್ರೀದೇವಿಗೆ, "ಅವನ ಮಾತು ಮನಸ್ಸಿಗೆ ಹಚ್ಕೋಬೇಡಿ ಅತ್ತಿಗೆ. ನೀವು ಅಮ್ಮನ್ನ ಶೋಕೇಸಿಗೆ ಇಟ್ಟಿದೀರ ಅಂತಾನೆ. ಅವನ ಬಾಯೇ ಹಾಗೆ" ಎಂದಳು.

ಎರಡೂ ಸುಳ್ಳಲ್ಲ. ಗೋಡೆಯ ತುಂಬ ಅತ್ತೆಯ ಚಿತ್ರಗಳೇ ಇವೆ, ಇನ್ನು ಜಾಗವಿಲ್ಲ ಎಂದು ಶ್ರೀದೇವಿ ಒಮ್ಮೆ ಹೆಮ್ಮೆಯಿಂದಲೇ ಹೇಳಿದ್ದಳು. ತಾರಾ ಸುಳ್ಳು ಹೇಳುವವಳೇ ಅಲ್ಲ. ಒಬ್ಬರ ಬಾಯಿಂದ ಬಿದ್ದ ಮಾತಿನ ತಲೆಯನ್ನೋ ಬಾಲವನ್ನೋ ಕತ್ತರಿಸಿ ಇನ್ನೊಬ್ಬರ ಕಿವಿಗೆ ಹಾಕುವುದು ಅವಳ ರೂಢಿ. ಅದನ್ನು ಅವಳು ಅಂತಃಕರಣ ಎಂದೇ ತಿಳಿದಿದ್ದಳು.

ಸಭೆ ಸೇರಿತು. ಮಕ್ಕಳ ಪರವಾಗಿ ತಾರಾ ಮೈಕ್ ಹಿಡಿದಳು.

"ನಮ್ಮಮ್ಮಂಗೆ ನಾವು ಮೂರು ಜನ. ಆದ್ರೆ ಎಲ್ಲಿಗೆ ಹೋದ್ರೂ ಅಮ್ಮ ನನ್ನ ಬಿಟ್ಟು ಹೋಗ್ತಿರ್ಲಿಲ್ಲ. ತಾತಂಗೆ ಹುಷಾರಿಲ್ಲ ಅಂತ ಮೈಸೂರಿಗೆ ಹೋದಾಗ ಜೊತೇಲಿ ನಾನು. ಲೈಬ್ರರಿ ಕೆಲಸಕ್ಕೆ ಹೋದ್ರೆ ಕೌಂಟರ್ ಹಿಂದೆ ಸ್ಟೂಲ್ ಹಾಕ್ಕೊಂಡು ನಾನು. ಅಣ್ಣ, ಅನು ಇಬ್ರೂ ಮನೇಲೇ ಇರ್ತಿದ್ರು. ಐ ವಾಸ್ ಹರ್ ಶ್ಯಾಡೋ." ಇಲ್ಲಿ ಅವಳು ಮೈಕ್ ಕೆಳಗಿಳಿಸಿ ಕಣ್ಣೊರೆಸಿಕೊಂಡಳು. ಅದು ನಾಟಕವಲ್ಲ. ತಾಯಿಯ ಒಡವೆ, ಮನೆ ಯಾವುದೂ ತಾರಾಗೆ ಬೇಕಿರಲಿಲ್ಲ. ಅಮ್ಮನಿಗೆ ಎಲ್ಲರಿಗಿಂತ ಬೇಕಾದವಳು ತಾನು ಎನ್ನುವುದೊಂದು ತನ್ನದಾಗಿದ್ದರೆ ಸಾಕಿತ್ತು, ಅದನ್ನು ಅಣ್ಣತಮ್ಮಂದಿರು ಎಲ್ಲರೆದುರು ಕೂತು ಕೇಳಬೇಕಿತ್ತು. ಅವರು ಕೇಳಿದರು. ಅನುರಾಗ್ ಶೂಗಳನ್ನು ನೋಡುತ್ತ ಕೂತಿದ್ದ.

ಮೂವರೂ ಸರದಿಯಲ್ಲಿ ತಾಯಿಯ ಬಾಯಿಗೆ ಅಕ್ಕಿಕಾಳು ಹಾಕಿದರು. ಲಕ್ಷ್ಮೀಶ ಗುಂಡಿ ಒತ್ತಿದ. ಪರದೆ ಮುಚ್ಚಿಕೊಂಡಿತು.

*

ಮಕ್ಕಳಿನ್ನೂ ಚಿಕ್ಕವರಿದ್ದಾಗ ಒಂದು ದಿನ ಜಯಲಕ್ಷ್ಮಿ ಹಾಲು, ಕೊತ್ತಂಬರಿ ಹಿಡಿದು ವೆಸ್ಟ್‌ಮೀಡಿನ ಮನೆಯ ಹಿತ್ತಲಿಗೆ ಬಂದಾಗ ಗಂಡುಮಕ್ಕಳಿಬ್ಬರೂ ನೆಲದ ಮೇಲೆ ಹೊರಳಾಡುತ್ತಿದ್ದರು. ಲಕ್ಷ್ಮೀಶನ ತುಟಿ ಒಡೆದಿತ್ತು. ಐದು ವರ್ಷದ ಅನುರಾಗನ ಹಣೆಯಿಂದ ರಕ್ತ ಕಣ್ಣಿಗೆ ಇಳಿಯುತ್ತಿತ್ತು. ಪಕ್ಕದಲ್ಲಿ ಜಾಮ್ ಬಾಟಲಿ, ಅದರೊಳಗೆ ಅವನು ಸಾಕಿಕೊಂಡಿದ್ದ, ಜೀರುಂಡೆಯಂತೆ ಕಿರ್ರೆನ್ನುವ ಸಿಕಾಡಾ ಹುಳು ಅಂಗಾತ ಸತ್ತಿತ್ತು.

ಬಿಡಿಸಿ, ತೊಳೆದು, ಪಟ್ಟಿ ಕಟ್ಟಿ ವಿಚಾರಿಸಿದಳು. ಹುಳುವನ್ನು ಅಣ್ಣ ಕೊಲ್ಲುತ್ತೇನೆ ಅಂದಿದ್ದ ಎಂದು ಚಿಕ್ಕವನಿಗೆ ಹೇಳಿದ್ದು ತಾರಾ. ಬ್ಯಾಟಿನ ಮೇಲೆ ಅನು ಗೀಚಿದ್ದಾನೆ ಎಂದು ದೊಡ್ಡವನಿಗೆ ಹೇಳಿದ್ದೂ ತಾರಾ. ಹುಳುವಿನ ಕಿರಿಕಿರಿಗೆ ಲಕ್ಷ್ಮೀಶ ಹಾಗಂದಿದ್ದು ನಿಜ, ಮುಟ್ಟಿರಲಿಲ್ಲ. ಅನು ಗೀಚಿದ್ದೂ ನಿಜ, ಅಣ್ಣನ ಹೆಸರನ್ನೇ, ಪ್ರೀತಿಯಿಂದ.

ತಾರಾ ಹಿಂಬಾಗಿಲ ಮೆಟ್ಟಿಲ ಮೇಲೆ ಕೂತು ಕಿತ್ತಲೆ ತಿನ್ನುತ್ತಿದ್ದಳು. ಹೆದರಿರಲಿಲ್ಲ, ಖುಷಿಯಲ್ಲೂ ಇರಲಿಲ್ಲ. ಸುಮ್ಮನೆ ಗಮನವಿಟ್ಟು ನೋಡುತ್ತಿದ್ದಳು, ಬೀಜ ಉಗಿಯುವುದಕ್ಕೂ ಕಣ್ಣು ಕೀಳದೆ. ಆ ಮುಖ ಕಂಡು ಜಯಲಕ್ಷ್ಮಿಗೆ ಹೆದರಿಕೆಯಾಯಿತು. ಹೆತ್ತ ಮಗುವಿಗೆ ಹೆದರಿಕೊಂಡೆನಲ್ಲ ಎಂದು ನಾಚಿಕೆಯೂ ಆಯಿತು. ಬೈಯಲಿಲ್ಲ, ಹೊಡೆಯಲಿಲ್ಲ. ಎಂಟು ವರ್ಷದ ಹುಡುಗಿಯನ್ನು ಕೂಸಿನಂತೆ ಎತ್ತಿ ಸೊಂಟದ ಮೇಲೆ ಕೂರಿಸಿಕೊಂಡಳು. ಮಾರನೆಯ ದಿನದಿಂದ ಎಲ್ಲಿಗೆ ಹೊರಟರೂ "ಬಾ ಪುಟ್ಟಿ, ನೀನು ನನ್ನ ಜೊತೆ" ಎನ್ನತೊಡಗಿದಳು.

ಮಕ್ಕಳು ದೊಡ್ಡವರಾದ ಮೇಲೂ ಅದು ತಪ್ಪಲಿಲ್ಲ. ತಾರಾ ಸಿಡ್ನಿಗೆ ಬಂದರೆ ಜಯಲಕ್ಷ್ಮಿ ನಡುವೆ ಹಾಜರು. ಗಂಡುಮಕ್ಕಳು ಮೆಲ್ಬರ್ನ್‌ಗೆ ಹೊರಟರೆ ತಾನೂ ಟಿಕೆಟ್ ತೆಗೆಸುತ್ತಿದ್ದಳು. ಅಮ್ಮನಿಗೆ ವಿಮಾನದ ಹುಚ್ಚು ಎಂದು ಮೂವರೂ ನಗುತ್ತಿದ್ದರು. ಒಂದು ಚಳಿಗಾಲ ಮಾತ್ರ ಅವಳು ಜಾರಿಬಿದ್ದು ಸೊಂಟ ಮುರಿದುಕೊಂಡು ಆಸ್ಪತ್ರೆ ಸೇರಿದಳು. ನೋಡಿಕೊಳ್ಳಲು ತಾರಾ ಬಂದು ಒಂದು ವಾರ ಅಣ್ಣನ ಮನೆ, ಒಂದು ವಾರ ತಮ್ಮನ ಮನೆ ಎಂದು ಉಳಿದಳು. ಜಯಲಕ್ಷ್ಮಿ ವಾಕರ್ ಹಿಡಿದು ಎದ್ದು ನಿಲ್ಲುವ ಹೊತ್ತಿಗೆ ಗಂಡುಮಕ್ಕಳಿಬ್ಬರೂ ಮಾತು ಬಿಟ್ಟಿದ್ದರು.

*

ಚಿತ್ರ ಬರೆಯುವ ಹವ್ಯಾಸ ಗಂಡ ತೀರಿಕೊಂಡ ಮೇಲಿನದು. ಕಾಸಲ್ ಹಿಲ್‌ನ ಸಮುದಾಯ ಭವನದಲ್ಲಿ ಹಯಾಮಾ ಎಂಬ ಮುದುಕಿ ಹಳೆಯ ಜಪಾನೀ ಪದ್ಧತಿಯ ಮಸಿಚಿತ್ರ ಕಲಿಸುತ್ತಿದ್ದಳು. ಜಯಲಕ್ಷ್ಮಿಯನ್ನು ಅಲ್ಲಿಗೆ ಕಾರಿನಲ್ಲಿ ಕರೆದೊಯ್ಯುತ್ತಿದ್ದವರು ಬದರಿನಾಥ, ನಿವೃತ್ತ ಡಾಕ್ಟರು, ಕುಂಚಕ್ಕಿಂತ ಬಾಯಿಯನ್ನೇ ಹೆಚ್ಚು ಆಡಿಸುವ ಸಹಪಾಠಿ. ಮೊದಲು ಬರೀ ಬಿದಿರು. ಆಮೇಲೆ ಇರುವೆ, ಮಿಡತೆ, ಕಪ್ಪೆ. ಸ್ವಂತ ಬುದ್ಧಿ ಓಡಿಸುವ ಹಾಗಿಲ್ಲ, ಗುರು ಕೊಟ್ಟ ಮಾದರಿಯನ್ನು ಗೆರೆ ತಪ್ಪದಂತೆ ನಕಲು ಮಾಡಬೇಕು. ಗುರುವಿನ ಗುರುವೂ ಹಾಗೇ ಕಲಿತದ್ದು, ಅವರೆಲ್ಲರ ಮೂಲ ಚೀನಾದಿಂದ ಬಂದ ಸುರುಳಿಗಳು.

ಹುಲಿಯ ಮಾದರಿ ಕೈಗೆ ಬಂದಾಗ ಜಯಲಕ್ಷ್ಮಿಗೆ ನಗು ತಡೆಯಲಾಗಲಿಲ್ಲ. ಅವಳು ಬೆಳೆದದ್ದು ಮೈಸೂರಿನ ಝೂ ಹತ್ತಿರ. ಎಷ್ಟೋ ದಿನ ಹುಲಿಯ ಕೂಗು ಕೇಳಿಯೇ ಎದ್ದವಳು. "ಇದು ಹುಲಿನಾ? ನಮ್ಮ ಪಕ್ಕದ್ಮನೆ ಬೆಕ್ಕು!" ಎಂದಳು. ಹಯಾಮಾ ಬೇಸರಿಸಲಿಲ್ಲ. ಆ ಕಾಲದ ಜಪಾನಿನ ಚಿತ್ರಕಾರರು ಜೀವಂತ ಹುಲಿಯನ್ನು ಕಂಡವರೇ ಅಲ್ಲ, ಚೀನಾದ ಚಿತ್ರಗಳನ್ನೂ ಒಣಗಿದ ಚರ್ಮಗಳನ್ನೂ ಇಟ್ಟುಕೊಂಡು, ಉಳಿದದ್ದಕ್ಕೆ ಮನೆಯ ಬೆಕ್ಕನ್ನು ನೋಡಿ ಬರೆದರು ಎಂದು ವಿವರಿಸಿದಳು. ಆಮೇಲೆ ಆ ಚಿತ್ರದ ಕತೆಯನ್ನೂ ಹೇಳಿದಳು. ಅದನ್ನು ಕೇಳಿದ ಮೇಲೆ ಜಯಲಕ್ಷ್ಮಿ ನಗಲಿಲ್ಲ. ಮಾದರಿಯನ್ನು ಮನೆಗೆ ಕೇಳಿ ಪಡೆದಳು. ಮಿಡತೆ, ಕಪ್ಪೆಗಳ ನಡುನಡುವೆ ಆ ಹುಲಿಯನ್ನೇ ಮತ್ತೆ ಮತ್ತೆ ಬರೆದು ಹರಿದಳು. ಕೊನೆಗೆ ಉಳಿಸಿಕೊಂಡದ್ದು ಈ ದೊಡ್ಡದೊಂದೇ.

*

ಅಂತ್ಯಕ್ರಿಯೆಯ ದಿನ ಮಧ್ಯಾಹ್ನ ಕೆಲ್ಲಿವಿಲ್‌ನಲ್ಲಿ, ಲಕ್ಷ್ಮೀಶನ ಮನೆಯಲ್ಲಿ ಎಲ್ಲರ ಸ್ನಾನವಾಗಿ, ಪಕ್ಕದ ಮನೆಯವರು ತಂದಿಟ್ಟ ಅನ್ನ, ಸಾರು ತಟ್ಟೆಗೆ ಬಿದ್ದಿತ್ತು. ಬಂದವರಲ್ಲಿ ಉಳಿದಿದ್ದವರು ಬದರಿನಾಥ ಒಬ್ಬರೇ. ಅಣ್ಣ ಒಂದು ಮೂಲೆ, ತಮ್ಮ ಇನ್ನೊಂದು ಮೂಲೆ, ತಾರಾ ನಡುವೆ. ಹುಲಿಯ ಚಿತ್ರವನ್ನು ಸೋಫಾದ ಮೇಲೆ ಒರಗಿಸಿಟ್ಟಿದ್ದರು. ನಡುಹೊಳೆಯಲ್ಲಿ ಈಜುತ್ತಿರುವ ತಾಯಿ ಹುಲಿ, ಅದರ ಬಾಯಲ್ಲಿ ಒಂದು ಮರಿ. ಹಿಂದಿನ ದಡದಲ್ಲಿ ಎರಡು ಮರಿಗಳು ಒಂದರ ಮೇಲೊಂದು ಬಿದ್ದು ಆಡುತ್ತಿವೆ.

ಊಟದ ಹೊತ್ತಿನ ಮೌನ ಬದರಿನಾಥರಿಗೆ ಆಗಿಬರುವುದಿಲ್ಲ. "ಈ ಚಿತ್ರದ ಕತೆ ಗೊತ್ತಾ ನಿಮಗೆ? ಜಯಲಕ್ಷ್ಮಮ್ಮ ಹೇಳಿರ್ಬೇಕಲ್ಲ" ಎಂದರು.

ಯಾರಿಗೂ ಗೊತ್ತಿರಲಿಲ್ಲ. ಅವರಿಗೆ ಇನ್ನೇನು ಬೇಕು?

"ಚೀನಾದವರ ಕತೆ, ಜಪಾನಿನವರು ಚಿತ್ರ ಮಾಡಿದ್ರು. ಹುಲಿ ಮೂರು ಮರಿ ಹಾಕಿದ್ರೆ ಅದರಲ್ಲಿ ಒಂದು ಚಿರತೆ ಆಗಿರತ್ತಂತೆ. ನೋಡಿ, ಬಾಯಲ್ಲಿರೋದಕ್ಕೆ ಪಟ್ಟೆ ಇಲ್ಲ, ಚುಕ್ಕೆ ಇದೆ. ತಾಯಿ ಎದುರಿಗಿದ್ರೆ ಅದು ಸಾಧು. ತಾಯಿ ಇಲ್ದಾಗ ಇನ್ನೊಂದು ಮರಿ ಜೊತೆ ಬಿಟ್ರೋ, ತಿಂದುಹಾಕತ್ತೆ. ಈಗ ಹೊಳೆ ದಾಟ್ಬೇಕು. ತಾಯಿ ಒಂದ್ಸಲಕ್ಕೆ ಒಂದನ್ನೇ ಕಚ್ಕೊಂಡು ಹೋಗಬಲ್ಲದು. ಹೇಗೆ ದಾಟಿಸತ್ತೆ ಹೇಳಿ ನೋಡೋಣ."

ಒಗಟನ್ನು ಬಿಡಿಸಲು ಯಾರೂ ಹೋಗಲಿಲ್ಲ. ಮೂರು ಮರಿ ಎಂಬಲ್ಲೇ ಎಲ್ಲರ ಕೈ ನಿಂತಿತ್ತು. ಲಕ್ಷ್ಮೀಶನ ಕಣ್ಣು ತಮ್ಮನ ಕಡೆ ಹೋಯಿತು. ಹಿಂದೆಯೇ ಶ್ರೀದೇವಿಯದೂ.

ಅನುರಾಗ್ ತಟ್ಟೆ ಕೆಳಗಿಟ್ಟ. "ಏನು ನೋಡ್ತಿದೀರ? ಬಾಯ್ಬಿಟ್ಟು ಹೇಳಿ. ಚಿರತೆ ನಾನೇ ತಾನೆ?"

"ನಾನೇನಾದ್ರೂ ಅಂದ್ನಾ?" ಲಕ್ಷ್ಮೀಶ ಇಷ್ಟು ವರ್ಷಗಳಲ್ಲಿ ಮೊದಲ ಸಲ ತಮ್ಮನಿಗೆ ನೇರವಾಗಿ ಹೇಳಿದ. "ನಿನಗೇ ಹಾಗನ್ನಿಸಿದ್ರೆ ನಾನೇನು ಮಾಡ್ಲಿ?"

"ಅನ್ನೋದೆಲ್ಲ ಹಿಂದಿಂದೆ ಅಂತೀಯಲ್ಲ, ಎದುರಿಗ್ಯಾಕೆ ಅಂತೀಯ? ನನ್ನ ಹೆಂಡ್ತಿ ಬಿಟ್ಟುಹೋದಾಗ ಅವಳು ಮಾಡಿದ್ದೇ ಸರಿ ಅಂದೋನು ನೀನು."

"ಅವಳ ಮಟ್ಟಿಗೆ ಅವಳು ಮಾಡಿದ್ದು ಸರಿ, ನಮ್ಮ ಅನೂನ ನಾವು ಒಂಟಿಯಾಗಿ ಬಿಡ್ಬಾರ್ದು ಅಂದೆ. ಮಾತು ಪೂರ್ತಿ ಕೇಳು! ನೀನೇನು ಕಡಿಮೆನಾ? ಶ್ರೀದೇವಿ ಅಮ್ಮನ್ನ ಆಯಾ ಮಾಡ್ಕೊಂಡಿದಾಳೆ ಅಂದ್ಯಲ್ಲ?"

"ಅಮ್ಮ ಆಯಾ ಥರ ದುಡೀತಾಳೆ, ಅತ್ತಿಗೆ ಬೇಡ ಅಂದ್ರೂ ಕೇಳಲ್ಲ ಅಂದೆ! ಯಾರು ಹೇಳಿದ್ದು ನಿನಗೆ?"

"ನಿನಗ್ಯಾರು ಹೇಳಿದ್ದು?"

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಬದರಿನಾಥರು ಸಾರು ಕಲಸುವಂತೆ ನಟಿಸಿದರು.

ತಾರಾ ಲೋಟ ಕೆಳಗಿಟ್ಟು ನಕ್ಕಳು. ಮಾತನ್ನು ಬೇರೆ ಕಡೆ ತಿರುಗಿಸಬೇಕಿತ್ತು. ಅದರ ಜೊತೆಗೆ, ಚಿರತೆ ತಾನೇ ಎಂದು ತಮ್ಮನೇ ಒಪ್ಪಿಕೊಂಡದ್ದನ್ನು ಗಟ್ಟಿ ಮಾಡಿದರೆ ನಷ್ಟವೇನೂ ಇರಲಿಲ್ಲ. "ಬಿಡಿ, ಇವತ್ತಾದ್ರೂ ಜಗಳ ಬೇಡ. ಅಂಕಲ್, ನಿಮ್ಮ ಒಗಟು ಸಿಂಪಲ್. ಮೊದಲು ಚಿರತೆ ಮರೀನ ಆಚೆ ದಡಕ್ಕೆ ಸಾಗಿಸೋದು. ಈಚೆ ಎರಡು ಹುಲಿಮರಿ ಉಳಿಯತ್ತೆ, ಅವೆರಡು ಜೊತೆಗಿದ್ರೆ ಏನೂ ಆಗಲ್ಲ. ವಾಪಸ್ ಬಂದು ಒಂದು ಹುಲಿಮರಿ ತಗೊಂಡು ಹೋಗೋದು. ಆದ್ರೆ ಅದನ್ನ ಚಿರತೆ ಜೊತೆ ಬಿಡೋಹಾಗಿಲ್ಲ, ಅದಕ್ಕೇ ಬರ್ತಾ ಚಿರತೇನ ಮತ್ತೆ ಕಚ್ಕೊಂಡೇ ಬರೋದು. ಅದನ್ನ ಈಚೆ ಇಳಿಸಿ, ಇನ್ನೊಂದು ಹುಲಿಮರೀನ ದಾಟಿಸಿ, ಕೊನೆಗೆ ಬಂದು ಚಿರತೇನ ಒಯ್ಯೋದು."

"ಭೇಷ್! ನಾನು ಒಂದು ವಾರ ಒದ್ದಾಡಿದ್ದೆ. ಹುಲಿಮರಿಗಳು ಒಂದೊಂದೇ ಸಲ, ಚಿರತೆ ಮಾತ್ರ ಮೂರು ಸಲ."

"ಅಷ್ಟೇ ಅಂಕಲ್. ಹುಲಿಮರಿಗಳನ್ನ ಮನೇಲಿ ಬಿಟ್ಟುಹೋದ್ರೂ ನಡಿಯತ್ತೆ. ಚಿರತೇನ ಮಾತ್ರ ತಾಯಿ ಎಲ್ಲಿಗೆ ಹೋದ್ರೂ ಬಿಟ್ಟು..."

ಅಲ್ಲಿಗೆ ನಿಂತಳು. ಮುಖದಲ್ಲಿ ಇನ್ನೂ ನಗುವಿತ್ತು, ಅದನ್ನು ತೆಗೆಯುವುದು ಹೇಗೆಂದು ಅವಳಿಗೆ ತಿಳಿಯಲಿಲ್ಲ.

"ಹೇಳಕ್ಕ" ಎಂದ ಅನುರಾಗ್. ದನಿ ತಣ್ಣಗಿತ್ತು. "ಬೆಳಿಗ್ಗೆ ಮೈಕ್‌ನಲ್ಲಿ ಚೆನ್ನಾಗಿ ಹೇಳಿದ್ಯಲ್ಲ. ಮುಂದಕ್ಕೆ ಹೇಳು."

"ಯಾರು ಹೇಳಿದ್ದು ಅಂತ ಕೇಳಿದ್ಯಲ್ಲ ಅನು" ಎಂದ ಲಕ್ಷ್ಮೀಶ. "ನನಗೆ ಹೇಳಿದ್ದು ಇವಳೇ."

"ನನಗೂ. ಅತ್ತಿಗೆ ಗೋಡೇಲಿ ನನ್ನ ಚಿತ್ರಕ್ಕೆ ಜಾಗ ಇಲ್ಲ ಅಂದ್ರು ಅಂತ ಬೆಳಿಗ್ಗೆ ಹೇಳಿದ್ದೂ ಇವಳೇ."

ತಾರಾ ಎದ್ದು ನಿಂತಳು. "ನಾನು ಒಂದು ಸುಳ್ಳು ಹೇಳಿದೀನಾ? ಒಂದೇ ಒಂದು ತೋರ್ಸಿ! ನೀವು ಆಡದೇ ಇರೋ ಮಾತು ಯಾವುದಾದ್ರೂ ನನ್ನ ಬಾಯಲ್ಲಿ ಬಂದಿದ್ಯಾ?"

"ಇಲ್ಲ" ಎಂದಳು ಶ್ರೀದೇವಿ. "ಗೋಡೇಲಿ ಜಾಗ ಇಲ್ಲ ಅಂತ ನಾನು ಅಂದಿದ್ದೂ ನಿಜ. ಯಾಕಂದೆ ಅಂತ ಮಾತ್ರ ನೀನು ಅವನಿಗೆ ಹೇಳಿರಲ್ಲ, ಅಲ್ವಾ?"

ಅನುರಾಗ್ ಅತ್ತಿಗೆಯನ್ನು ನೋಡಿದ. ಹೇಳಿರಲಿಲ್ಲ.

ತಾರಾ ಬದರಿನಾಥರ ಕಡೆ ತಿರುಗಿದಳು. ಆ ಮನೆಯಲ್ಲಿ ಅವಳಿಗೆ ಉಳಿದಿದ್ದ ಒಂದೇ ದಿಕ್ಕು ಅದು. "ಅಂಕಲ್, ಅಮ್ಮ ಯಾವತ್ತಾದ್ರೂ ಹಾಗಂತ ಅಂದಿದ್ಲಾ? ನನ್ನ ಹೆಸರು ಹೇಳಿದ್ಲಾ?"

"ಅಯ್ಯೋ ಇಲ್ಲಮ್ಮ. ಯಾರ ಹೆಸರೂ ಹೇಳ್ಲಿಲ್ಲ" ಎಂದರು ಮುದುಕರು. ಅಲ್ಲಿಗೆ ನಿಲ್ಲಿಸಿದ್ದರೆ ಚೆನ್ನಾಗಿತ್ತು, ನಿಲ್ಲಿಸುವುದು ಅವರಿಗೆ ಗೊತ್ತಿರಲಿಲ್ಲ. "ಆದ್ರೆ ಒಂದ್ಸಲ ಟೀಚರ್ ಕೇಳಿದ್ರು. ಮಾದರೀಲಿ ತಾಯಿಯ ಹಲ್ಲು ಕಾಣತ್ತೆ, ನೀವು ಹಲ್ಲು ಬರೆದೇ ಇಲ್ಲವಲ್ಲ, ಇಂಥ ಮರಿಗೆ ಇಷ್ಟು ಮೆತ್ತಗಿನ ಬಾಯಿ ಯಾಕೆ ಅಂತ. ಅದೂ ನಂದೇ ಮರಿ ಅಲ್ವಾ ಅಂದ್ರು ಜಯಲಕ್ಷ್ಮಮ್ಮ. ಅಷ್ಟೇನಮ್ಮ ಅವರು ಹೇಳಿದ್ದು."

ತಾರಾ ಸೋಫಾದ ಹತ್ತಿರ ಹೋಗಿ ಬಗ್ಗಿ ನೋಡಿದಳು. ಹಲ್ಲು ಇರಲಿಲ್ಲ. ಚುಕ್ಕೆಯ ಮರಿ ತಾಯಿಯ ಬಾಯಲ್ಲಿ ನಿಶ್ಚಿಂತೆಯಿಂದ ಜೋತುಬಿದ್ದಿತ್ತು. ಲೈಬ್ರರಿಯ ಸ್ಟೂಲು, ಮೈಸೂರಿಗೆ ಹೋದಾಗ ವಿಮಾನದಲ್ಲಿ ಅಮ್ಮನ ಪಕ್ಕದ ಸೀಟು, ಬಾ ಪುಟ್ಟಿ ಎಂಬ ದನಿ, ತಾನು ಗೆದ್ದದ್ದೆಂದು ಜೀವಮಾನವಿಡೀ ಎಣಿಸಿಕೊಂಡಿದ್ದೆಲ್ಲ ಕಾವಲಾಗಿತ್ತು. ಅಮ್ಮ ತನ್ನನ್ನು ದ್ವೇಷಿಸಿದ್ದಳು ಎಂದಾದರೂ ಇದ್ದಿದ್ದರೆ ಅವಳು ಕಿರುಚಿ, ಬಾಗಿಲು ಬಡಿದು ಹೋಗಬಹುದಿತ್ತು. ಪ್ರೀತಿಸಿದ್ದಳು, ಎಲ್ಲ ತಿಳಿದುಕೊಂಡೇ. ಅದು ತಾರಾಗೆ ತಡೆಯಲಾರದ ಅವಮಾನವಾಗಿತ್ತು.

"ನಾನು ಸಂಜೆ ಫ್ಲೈಟಿಗೇ ಹೋಗ್ತೀನಿ" ಎಂದಳು. ಅಸ್ಥಿ ಬರುವ ತನಕ ಇರು ಎಂದು ಯಾರೂ ಹೇಳಲಿಲ್ಲ.

"ಊಬರ್ ಬುಕ್ ಮಾಡ್ತೀನಿ" ಎಂದು ಫೋನ್ ತೆಗೆದಳು.

"ಬೇಡ, ನಾನು ಬಿಡ್ತೀನಿ" ಎಂದು ಲಕ್ಷ್ಮೀಶ ಕೀಲಿ ಎತ್ತಿಕೊಂಡ.

"ನಾನೂ ಬರ್ತೀನಿ" ಎಂದ ಅನುರಾಗ್, ಅಣ್ಣನಿಗೆ. "ನೀನೊಬ್ಬನೇ ಹೋಗ್ಬೇಡ."

ಮುಂದಿನ ಎರಡು ಸೀಟಿನಲ್ಲಿ ಅಣ್ಣ ತಮ್ಮ ಕೂತರು. ತಾರಾ ಹಿಂದೆ, ಲಕ್ಷ್ಮೀಶನ ಪುಟ್ಟ ಮಗಳು ಆದ್ಯಾಳ ಬೂಸ್ಟರ್ ಸೀಟಿನ ಪಕ್ಕ. ಟನೆಲ್ ಬಂದಾಗ ಅನುರಾಗ್, "ಎಡಗಡೆ ಲೇನ್ ತಗೋ ಅಣ್ಣ, ಮುಂದೆ ಜಾಮ್ ಇರತ್ತೆ" ಎಂದ. ಲಕ್ಷ್ಮೀಶ ಎಡಕ್ಕೆ ತೆಗೆದುಕೊಂಡ. ತನಗೂ ಏನಾದರೂ ಹೇಳಬೇಕೆನ್ನಿಸಿತು ತಾರಾಗೆ. ಬಾಯಿಗೆ ಬಂದ ಮಾತೆಲ್ಲ ಇಬ್ಬರಲ್ಲಿ ಒಬ್ಬರ ಬಗೆಗಿನದೇ ಆಗಿತ್ತು. ನುಂಗಿಕೊಂಡಳು.

ಏರ್‌ಪೋರ್ಟಿನ ಮುಂದೆ ಕಾರು ನಿಂತಿತು. ಇಬ್ಬರೂ ಇಳಿದು ಹಿಂದೆ ಹೋಗಿ ಡಿಕ್ಕಿ ತೆಗೆದು ಸೂಟ್‌ಕೇಸ್ ಇಳಿಸಿದರು. ತಾರಾ ಬಾಗಿಲ ಹಿಡಿ ಎಳೆದಳು, ತೆರೆಯಲಿಲ್ಲ. ಆ ಕಡೆಯದನ್ನೂ ಎಳೆದು ನೋಡಿದಳು. ಮಗುವಿಗೆಂದು ಹಾಕಿದ್ದ ಚೈಲ್ಡ್ ಲಾಕ್, ಒಳಗಿನಿಂದ ತೆರೆಯುವಂಥದ್ದಲ್ಲ.

ಗಾಜಿನಾಚೆ ಫುಟ್‌ಪಾತಿನ ಮೇಲೆ ಅವಳ ಸೂಟ್‌ಕೇಸಿನ ಎರಡು ಬದಿಗೆ ಇಬ್ಬರೂ ನಿಂತಿದ್ದರು. ಲಕ್ಷ್ಮೀಶ ಏನೋ ಹೇಳಿದ. ಅನುರಾಗ್ ತಲೆ ತಗ್ಗಿಸಿದ, ಅವನ ಭುಜಗಳು ಅಲುಗತೊಡಗಿದವು. ಅಣ್ಣನ ಕೈ ತಮ್ಮನ ಬೆನ್ನಿನ ಮೇಲೆ ಹೋಯಿತು. ಇಬ್ಬರೂ ಅವಳನ್ನು ಮರೆತೇಬಿಟ್ಟಿದ್ದರು. ತಾರಾ ಗಾಜು ತಟ್ಟಲು ಕೈಯೆತ್ತಿದಳು. ತಟ್ಟದೆ, ಎತ್ತಿದ ಕೈಯನ್ನು ಗಾಜಿನ ಮೇಲೆ ಹಾಗೇ ಇಟ್ಟುಕೊಂಡು, ಯಾರಾದರೂ ಬಂದು ಹೊರಗಿನಿಂದ ತೆಗೆಯಲೆಂದು ಕಾಯುತ್ತ ಕೂತಳು.